ಕಾಣದ ಅಂಗಡಿಯ ನಾಣ್ಯವೂ ನಮ್ಮ ಸಾಕ್ಷ್ಯವೂ

ಹಳೆಯ ನಾಣ್ಯಗಳನ್ನು ಕೂಡಿಡುವ ಹವ್ಯಾಸವು ವಿದ್ಯಾರ್ಥಿಗಳಿಗೆ ಇತಿಹಾಸವನ್ನೂ ಲಿಪಿಜ್ಞಾನವನ್ನೂ ಒಟ್ಟಿಗೆ ಕಲಿಸತಕ್ಕ ಹವ್ಯಾಸವಾಗಿದೆ. ಮುಂಬಯಿಯಲ್ಲಿ ಬೆಳೆಯುವ ನಮಗೆ ಅದು ಇನ್ನೂ ಹತ್ತಿರದ ವಿಷಯ. ನಮ್ಮ ಜೇಬಿನಲ್ಲಿರುವ ನಾಣ್ಯದ ಇಸವಿಯ ಕೆಳಗೆ ಚಿಕ್ಕದೊಂದು ವಜ್ರಾಕೃತಿ ಇದ್ದರೆ ಅದು ಇದೇ ಊರಿನ ಫೋರ್ಟ್ ಭಾಗದ ಟಂಕಸಾಲೆಯಲ್ಲಿ ಅಚ್ಚಾದುದು, ನಕ್ಷತ್ರವಿದ್ದರೆ ಹೈದರಾಬಾದಿನದು, ಚುಕ್ಕೆಯಿದ್ದರೆ ನೋಯಿಡಾದ್ದು, ಯಾವ ಗುರುತೂ ಇಲ್ಲದಿದ್ದರೆ ಕೋಲ್ಕತ್ತೆಯದು.

ಚೋರ್ ಬಜಾರಿನಂತಹ ಪೇಟೆಯಲ್ಲಿ ಹಳೆಯ ನಾಣ್ಯವನ್ನು ಕೊಳ್ಳುವವರು ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ, ಅಂಚನ್ನು ಸವರಿ, ಕಲ್ಲಿನ ಮೇಲೆ ಕುಟ್ಟಿ ಅದರ ದನಿಯನ್ನು ಕೇಳಬಲ್ಲರು. ಇಂದು ಬಹಳಷ್ಟು ನಾಣ್ಯವ್ಯಾಪಾರವು ಆನ್‌ಲೈನಿನಲ್ಲಿ ನಡೆಯುತ್ತಿದೆ. ಅಲ್ಲಿ ಕೊಳ್ಳುವವನಿಗೆ ಕಾಣುವುದು ಒಂದು ಚಿತ್ರ, ನಾಲ್ಕು ಸಾಲಿನ ವಿವರಣೆ. ಮಾರುವವನಿಗೆ ಕಾಣುವುದು ಒಂದು ಹೆಸರು, ಒಂದು ವಿಳಾಸ. ಒಬ್ಬರ ಮುಖವನ್ನೊಬ್ಬರು ಕಾಣದ ಇಬ್ಬರ ನಡುವೆ ನಡೆಯುವ ಈ ವ್ಯಾಪಾರದಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಬಂದ ನಾಣ್ಯ ಸರಿಯಿಲ್ಲದಿದ್ದರೆ ಅದನ್ನು ಹಿಂದಿರುಗಿಸುವ ಕ್ರಮವೇನು? ಆ ವ್ಯಾಪಾರಿಯನ್ನು ಕುರಿತು ಎಲ್ಲರೂ ಓದುವಂತೆ ಅಭಿಪ್ರಾಯ ಬರೆಯುವಾಗ ನಮ್ಮ ಹೊಣೆಯೇನು? ಮೊದಲನೆಯದರಲ್ಲಿ ನಮ್ಮ ಹಣ ಅಡಗಿದೆ. ಎರಡನೆಯದರಲ್ಲಿ ಇನ್ನೊಬ್ಬರ ಹೆಸರು ಅಡಗಿದೆ.

ಕೊಳ್ಳುವ ಮೊದಲು

ಹದಿನೆಂಟು ವರ್ಷ ತುಂಬದವರು ಮಾಡಿಕೊಂಡ ಕರಾರಿಗೆ 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಬಲವಿಲ್ಲ. ಆದುದರಿಂದ ವಿದ್ಯಾರ್ಥಿಗಳು ತಂದೆತಾಯಿಗಳ ಮೂಲಕವೇ, ಅವರ ಹೆಸರಿನಲ್ಲಿಯೇ ಕೊಳ್ಳತಕ್ಕದ್ದು. ಹಣ ಕೊಡುವ ಮೊದಲು ಹಿಂದಿರುಗಿಸುವ ನಿಯಮಗಳನ್ನು ಪೂರ್ತಿಯಾಗಿ ಓದಬೇಕು. ಎಷ್ಟು ದಿನಗಳ ಅವಕಾಶವಿದೆ, ಅಂಚೆಯ ವೆಚ್ಚ ಯಾರದು ಎಂಬುದು ಅಲ್ಲಿ ಇರುತ್ತದೆ. ವಿವರಣೆಯ ನಡುವೆ ಎಲ್ಲಿಯಾದರೂ 'ರೆಪ್ಲಿಕಾ', ಎಂದರೆ ಪ್ರತಿಕೃತಿ, ಎಂಬ ಮಾತಿದೆಯೇ ಎಂದು ಹುಡುಕಬೇಕು. ಆ ಮಾತನ್ನು ಓದದೆ ಕೊಂಡು ಆಮೇಲೆ ಮೋಸವಾಯಿತೆಂದರೆ ತಪ್ಪು ನಮ್ಮದೇ ಆಗುತ್ತದೆ. ವಿವರಣೆಯ ಪುಟವನ್ನೂ ಚಿತ್ರಗಳನ್ನೂ ತೆಗೆದಿಟ್ಟುಕೊಳ್ಳಬೇಕು. ಪುಟ ಬದಲಾಗಬಹುದು, ತೆಗೆದಿಟ್ಟ ಪ್ರತಿ ಬದಲಾಗದು. ಮಾರುವವರು ಸ್ವಲ್ಪ ಅಗ್ಗವಾಗಿ ಕೊಡುವೆವೆಂದು ಹೇಳಿ ಆ ಮಾರುಕಟ್ಟೆಯ ಹೊರಗೆ ಹಣ ಕೇಳಿದರೆ ಒಪ್ಪತಕ್ಕದ್ದಲ್ಲ. ಹೊರಗೆ ಕೊಟ್ಟ ಹಣಕ್ಕೆ ಮಾರುಕಟ್ಟೆಯ ರಕ್ಷಣೆ ದೊರೆಯುವುದಿಲ್ಲ.

ಹೊರದೇಶದಿಂದ ತರಿಸುವವರು ಇನ್ನೊಂದನ್ನು ತಿಳಿದಿರಬೇಕು. ನಮ್ಮ ದೇಶದ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಮೆಯಿಲ್ಲದ ನಾಣ್ಯವು ಪುರಾವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವುದು ನಿಷಿದ್ಧ. ಮನಸ್ಸಿಗೆ ಬಾರದಿದ್ದರೆ ಹಿಂದಕ್ಕೆ ಕಳುಹಿಸಿದರಾಯಿತು ಎಂಬ ಎಣಿಕೆಯಿಂದ ಇಂಥ ನಾಣ್ಯವನ್ನು ಹೊರಗಿನಿಂದ ತರಿಸಿಕೊಂಡರೆ ತೊಡಕಿಗೆ ಸಿಕ್ಕಿದಂತೆಯೇ.

ಪೊಟ್ಟಣ ಬಂದ ದಿನ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ನಮ್ಮ ಹಿರಿಯರ ಮಾತು. ಪೊಟ್ಟಣದ ಮುದ್ರೆ ಒಡೆಯುವುದರಿಂದ ಹಿಡಿದು ನಾಣ್ಯ ಹೊರಬರುವವರೆಗೆ ಎಡೆಬಿಡದೆ ವಿಡಿಯೋ ತೆಗೆಯುವುದು ಒಳ್ಳೆಯದು. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು. ಹುಣಿಸೆಹಣ್ಣಿನಿಂದಲೋ ಬೂದಿಯಿಂದಲೋ ತಿಕ್ಕಿ ತೊಳೆಯುವುದು ಸಲ್ಲದು. ಉಜ್ಜಿದ ನಾಣ್ಯದ ಬೆಲೆ ಕುಸಿಯುವುದಲ್ಲದೆ, ಅದನ್ನು ಮರಳಿ ಕೇಳುವ ಹಕ್ಕನ್ನೂ ನಾವು ಕೈಯಾರೆ ಕಳೆದುಕೊಳ್ಳುತ್ತೇವೆ. ದರ್ಜೆ ನಿರ್ಣಯಿಸಿ ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆ ಮಾಡಿ ಬಂದುದಾದರೆ ಆ ಕವಚವನ್ನು ಒಡೆಯಕೂಡದು.

ಬಳಿಕ ತೂಗಿ ನೋಡಬೇಕು. 1835ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ತನ್ನ ಆಳ್ವಿಕೆಯ ಪ್ರಾಂತಗಳಿಗೆಲ್ಲ ಒಂದೇ ಬಗೆಯ ರೂಪಾಯಿಯನ್ನು ನಿಗದಿಮಾಡಿತು. ಅದರ ತೂಕ 180 ಗ್ರೇನು, ಅಂದರೆ ಒಂದು ತೊಲ; ಇಂದಿನ ಲೆಕ್ಕದಲ್ಲಿ ಸುಮಾರು 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಆರನೆಯ ಜಾರ್ಜ್ ದೊರೆಯ 1938 ಮತ್ತು 1939ರ ಬೆಳ್ಳಿಯ ರೂಪಾಯಿಗಳವರೆಗೆ ಇದೇ ಅಳತೆ ನಡೆದುಬಂತು. 1940ರಿಂದ ತೂಕ ಹಾಗೆಯೇ ಉಳಿದರೂ ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು. 1947ರ ರೂಪಾಯಿ ನಿಕ್ಕಲಿನದು. ಇದನ್ನು ಅರಿಯದವನು ಪರೀಕ್ಷೆಯಲ್ಲಿ ಎಡವುತ್ತಾನೆ. ಬೆಳ್ಳಿಯನ್ನು ಅಯಸ್ಕಾಂತ ಸೆಳೆಯದು, ಆದರೆ ನಿಕ್ಕಲನ್ನು ಸೆಳೆಯುತ್ತದೆ. 1947ರ ರೂಪಾಯಿ ಅಯಸ್ಕಾಂತಕ್ಕೆ ಅಂಟಿತೆಂದು ಅದನ್ನು ಖೋಟಾ ಎನ್ನುವಂತಿಲ್ಲ, ಅಂಟದಿದ್ದರೆ ಸಂದೇಹಿಸಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ, ನಿಜ. ಹಾಗೆಯೇ ಗುರುತು ಸಿಗದಿರುವುದೆಲ್ಲ ಮೋಸವೂ ಅಲ್ಲ.

ಯಾವುದು ಕಾರಣ, ಯಾವುದು ಅಲ್ಲ

ಹಿಂದಿರುಗಿಸುವ ಕಾರಣಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ವಿವರಣೆಗೂ ವಸ್ತುವಿಗೂ ಹೊಂದಿಕೆಯಾಗದಿರುವುದು. 1939ರ ಬೆಳ್ಳಿಯ ರೂಪಾಯಿ ವಿರಳ. ಆದುದರಿಂದಲೇ ಅದರ ಎರಕದ ನಕಲುಗಳೂ, ಬೇರೆ ಇಸವಿಯ ಅಂಕಿಯನ್ನು ತಿದ್ದಿದ ನಾಣ್ಯಗಳೂ ಸಂಗ್ರಾಹಕರನ್ನು ಕಾಡುತ್ತಿವೆ. ಅಸಲಿ ಎಂದು ಬರೆದು ನಕಲನ್ನು ಕಳುಹಿಸಿದರೆ ಕಾನೂನು ನಮ್ಮ ಪರವಾಗಿದೆ. 2020ರ ಗ್ರಾಹಕ ಸಂರಕ್ಷಣೆ ಇ-ವಾಣಿಜ್ಯ ನಿಯಮಗಳ ಪ್ರಕಾರ, ವಸ್ತು ಖೋಟಾ ಆಗಿದ್ದರೆ, ದೋಷವುಳ್ಳದ್ದಾಗಿದ್ದರೆ ಅಥವಾ ಜಾಹೀರುಮಾಡಿದ ಗುಣಗಳಿಲ್ಲದ್ದಾದರೆ ಮಾರುವವನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ. ಆದರೆ ವ್ಯಾಪಾರವೃತ್ತಿಯವರಲ್ಲದೆ, ತಮ್ಮ ಮನೆಯ ನಾಣ್ಯವನ್ನು ಎಂದೋ ಒಮ್ಮೆ ಮಾರುವವರಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ಯಾರಿಂದ ಕೊಳ್ಳುತ್ತಿದ್ದೇವೆಂಬುದನ್ನು ಮೊದಲೇ ಅರಿತಿರಬೇಕೆಂಬುದಕ್ಕೆ ಇದೂ ಒಂದು ಕಾರಣ.

ಎರಡನೆಯದು, ದರ್ಜೆಯ ವಿಷಯದ ಭಿನ್ನಾಭಿಪ್ರಾಯ. ಒಬ್ಬನಿಗೆ 'ಅತ್ಯುತ್ತಮ' ಎಂದು ತೋರಿದ್ದು ಇನ್ನೊಬ್ಬನಿಗೆ 'ಉತ್ತಮ' ಎಂದು ಮಾತ್ರ ತೋರಬಹುದು. ಇದು ಕಣ್ಣಿನ ಅಂತರ, ಇದನ್ನು ಮೋಸವೆನ್ನಲಾಗದು. ಚಿತ್ರ ಸ್ಪಷ್ಟವಾಗಿದ್ದು ಬಂದ ನಾಣ್ಯವೂ ಅದೇ ಆಗಿದ್ದರೆ ಸಮಾಧಾನದಿಂದ ಮಾತಾಡಿ ತೀರಿಸಿಕೊಳ್ಳತಕ್ಕದ್ದು. ಒರೆಸಿದ ಗೀರುಗಳನ್ನೋ ಬೆಸುಗೆ ಹಾಕಿ ಮುಚ್ಚಿದ ತೂತನ್ನೋ ಹೇಳದೆ ಬಿಟ್ಟಿದ್ದರೆ ಮಾತ್ರ ಅದು ಮೊದಲನೆಯ ಬಗೆಗೆ ಸೇರುತ್ತದೆ.

ಮೂರನೆಯದು, ಮನಸ್ಸು ಬದಲಾಗುವುದು. ಇದು ಹಕ್ಕಲ್ಲ, ಮಾರುವವರ ನಿಯಮ ಒಪ್ಪಿದಷ್ಟೇ ಅವಕಾಶ. ಹಿಂದಿರುಗಿಸಬೇಕೆಂಬ ಆಸೆಯಿಂದ ಇಲ್ಲದ ದೋಷವನ್ನು ಹೇಳುವುದು ಸುಳ್ಳು. ಅದರ ಅಂಚೆಯ ವೆಚ್ಚವನ್ನು ಇನ್ನೊಬ್ಬರ ಮೇಲೆ ಹೊರಿಸುವುದು ಎರಡನೆಯ ತಪ್ಪು.

ಮೊದಲ ಪತ್ರ

ದೋಷ ಕಂಡೊಡನೆ ಅಭಿಪ್ರಾಯ ಬರೆಯಲು ಹೋಗಬಾರದು. ಮೊದಲು ಮಾರಿದವರಿಗೆ, ಮಾರುಕಟ್ಟೆಯ ಸಂದೇಶದ ವ್ಯವಸ್ಥೆಯಲ್ಲಿಯೇ, ಅವಧಿಯೊಳಗೆ ಬರೆಯಬೇಕು. ಅದು ಈ ರೀತಿ ಇರಬಹುದು:

"ಮಾನ್ಯರೇ, ತಾವು ಕಳುಹಿಸಿದ 1939ರ ರೂಪಾಯಿ ಇಂದು ತಲುಪಿತು. ವಿವರಣೆಯಲ್ಲಿ ತೂಕ 11.66 ಗ್ರಾಂ ಎಂದಿತ್ತು. ಎರಡು ಬೇರೆ ತಕ್ಕಡಿಗಳಲ್ಲಿ ತೂಗಿದಾಗ 10.20 ಗ್ರಾಂ ಬಂದಿದೆ. ಮೇಲ್ಮೈಯಲ್ಲಿ ಸಣ್ಣ ಗುಳಿಗಳು ಕಾಣುತ್ತಿವೆ. ಚಿತ್ರಗಳನ್ನು ಲಗತ್ತಿಸಿದೆ. ಇದು ವಿವರಣೆಗೆ ಹೊಂದುತ್ತಿಲ್ಲವಾದುದರಿಂದ ಹಿಂದಕ್ಕೆ ಪಡೆದು ಪೂರ್ತಿ ಹಣವನ್ನು ಮರಳಿಸಬೇಕಾಗಿ ವಿನಂತಿ."

ಈ ಪತ್ರದಲ್ಲಿ ತೂಕವಿದೆ, ಚಿತ್ರವಿದೆ, ಬೇಡಿಕೆಯಿದೆ, ಬೈಗುಳವಿಲ್ಲ. ಮಾರಿದವರಿಗೂ ತಿಳಿಯದೆ ಆ ನಕಲು ಅವರ ಕೈಸೇರಿರಬಹುದು. ಮರ್ಯಾದೆಯಿಂದ ಒಪ್ಪಿಕೊಳ್ಳಲು ನಾವು ಅವರಿಗೆ ದಾರಿ ಬಿಟ್ಟಿರಬೇಕು.

ಒಪ್ಪಿದ ಮೇಲೆ ಹಿಂದಕ್ಕೆ ಕಳುಹಿಸುವಾಗ ಎಚ್ಚರ ಬೇಕು. ತಾವು ಕಳುಹಿಸಿದ ನಾಣ್ಯವೇ ಮರಳಿ ಬಂತೇ, ಬೇರೆಯದು ಬಂತೇ ಎಂಬ ಭಯ ಮಾರುವವರಿಗೂ ಇರುತ್ತದೆ. ಆದುದರಿಂದ ಕಟ್ಟುವ ಮೊದಲು ಎರಡೂ ಮುಖಗಳ ಚಿತ್ರ ತೆಗೆದು, ತೂಕ ಬರೆದು, ಮೌಲ್ಯಕ್ಕೆ ತಕ್ಕ ವಿಮೆಯೊಡನೆ ರಸೀದಿ ಪಡೆದು ಕಳುಹಿಸಬೇಕು. ಹಣ ಮರಳಿಸುವ ಹೆಸರಿನಲ್ಲಿ ನಡೆಯುವ ವಂಚನೆಯೂ ಒಂದುಂಟು. ಯು.ಪಿ.ಐ.ಯಲ್ಲಿ ಹಣ ಪಡೆಯಲು ಗುಪ್ತಸಂಖ್ಯೆ ಒತ್ತಬೇಕಾಗಿಲ್ಲ. "ನಿಮ್ಮ ಹಣ ಬರಬೇಕಾದರೆ ಈ ಸಂಕೇತವನ್ನು ಸ್ಕ್ಯಾನ್ ಮಾಡಿ ಗುಪ್ತಸಂಖ್ಯೆ ಒತ್ತಿ" ಎಂದು ಯಾರಾದರೂ ಹೇಳಿದರೆ, ಅವರು ಕೊಡುವವರಲ್ಲ, ಕಸಿಯುವವರು. ಹೀಗೆ ಹಣ ಹೋದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು.

ಹಣ ಮರಳಿ ಬಾರದಿದ್ದರೆ

ಮಾರಿದವರು ಒಪ್ಪದಿದ್ದರೆ ಮಾರುಕಟ್ಟೆಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬೇಕು. 2020ರ ನಿಯಮಗಳಂತೆ ದೂರು ತಲುಪಿತೆಂದು ಅವರು 48 ಗಂಟೆಗಳಲ್ಲಿ ತಿಳಿಸಬೇಕು. ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿಯೂ ನ್ಯಾಯ ಸಿಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಕೊನೆಯದಾಗಿ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯಿದೆಯು ಕೊಂಡವರು ವಾಸಿಸುವ ಊರಿನಲ್ಲಿಯೇ ದೂರು ಸಲ್ಲಿಸಲು ಅವಕಾಶ ಕೊಟ್ಟಿದೆ. ಮಾರಿದವನು ದೆಹಲಿಯಲ್ಲಿದ್ದರೂ ಮುಂಬಯಿಯವರು ಮುಂಬಯಿಯಲ್ಲಿ ಕೇಳಬಹುದು. ಐದು ಲಕ್ಷ ರೂಪಾಯಿಯವರೆಗಿನ ವಸ್ತುವಿಗೆ ಶುಲ್ಕವಿಲ್ಲ. ಎರಡು ವರ್ಷಗಳೊಳಗೆ ದೂರು ಕೊಡತಕ್ಕದ್ದು. ಆದರೆ ಮತ್ತೆ ಮಾರಿ ಲಾಭ ಪಡೆಯಲು ಕೊಂಡವನು ಈ ಕಾಯಿದೆಯ ದೃಷ್ಟಿಯಲ್ಲಿ ಗ್ರಾಹಕನಲ್ಲ.

ಅಭಿಪ್ರಾಯ ಬರೆಯುವ ಹೊಣೆ

ಆನ್‌ಲೈನ್ ವ್ಯಾಪಾರದಲ್ಲಿ ಪರಸ್ಪರ ಅಂಕ ಕೊಡುವ ಪದ್ಧತಿಗೆ ಹೆಸರಾದುದು ಅಮೆರಿಕದ ಇ-ಬೇ ಎಂಬ ಮಾರುಕಟ್ಟೆ. ಅದು 1996ರಲ್ಲಿ ಈ ಪದ್ಧತಿಯನ್ನು ಆರಂಭಿಸಿತು. ಮೆಚ್ಚಿದರೆ ಒಂದು ಅಂಕ ಕೂಡುವುದು, ಮೆಚ್ಚದಿದ್ದರೆ ಒಂದು ಕಳೆಯುವುದು, ಉದಾಸೀನನಾದರೆ ಸೊನ್ನೆ. ಕೊಂಡವನೂ ಮಾರಿದವನೂ ಒಬ್ಬರಿಗೊಬ್ಬರು ಅಂಕ ಕೊಡುತ್ತಿದ್ದರು. ಕ್ರಮೇಣ ಒಂದು ಕೇಡು ಕಾಣಿಸಿಕೊಂಡಿತು. ಕೆಲವು ಮಾರಾಟಗಾರರು ತಾವು ಮೊದಲು ಬರೆಯದೆ ಕಾದಿದ್ದು, ಕೊಂಡವನು ಕೆಟ್ಟದಾಗಿ ಬರೆದರೆ ತಾವೂ ಸೇಡಿಗಾಗಿ ಕೆಟ್ಟದಾಗಿ ಬರೆಯತೊಡಗಿದರು. ಆ ಭಯಕ್ಕೆ ಕೊಂಡವರು ನಿಜ ಹೇಳುವುದನ್ನೇ ಬಿಟ್ಟರು. ಎಲ್ಲರೂ ಎಲ್ಲರನ್ನೂ ಹೊಗಳಿದರೆ ಹೊಗಳಿಕೆಗೆ ಅರ್ಥವೆಲ್ಲಿ? 2008ರಲ್ಲಿ ಆ ಸಂಸ್ಥೆಯು, ಮಾರುವವರು ಕೊಂಡವರಿಗೆ ಕೆಟ್ಟ ಅಂಕ ಕೊಡುವಂತಿಲ್ಲವೆಂದು ನಿಯಮವನ್ನು ಬದಲಿಸಿತು.

ಹೀಗೆ ಬಲವು ಕೊಂಡವರ ಕಡೆಗೆ ವಾಲಿತು. ಅದರೊಡನೆ ಹೊಣೆಯೂ ವಾಲಿತು. "ಅರ್ಧ ಹಣ ಮರಳಿಸಿರಿ, ಇಲ್ಲವಾದರೆ ಕೆಟ್ಟದಾಗಿ ಬರೆಯುವೆವು" ಎಂದು ಹೆದರಿಸುವುದು ಸುಲಿಗೆಯೇ ಸರಿ. ಅದನ್ನು ಇ-ಬೇಯ ನಿಯಮಗಳೂ ನಿಷೇಧಿಸಿವೆ. ನಮ್ಮ ದೇಶದ 2020ರ ನಿಯಮಗಳು ಮಾರುವವನು ಗ್ರಾಹಕನ ವೇಷ ಹಾಕಿ ತನ್ನನ್ನು ತಾನೇ ಹೊಗಳಿಕೊಳ್ಳುವುದನ್ನು ತಡೆಯುತ್ತವೆ. ಭಾರತೀಯ ಮಾನಕ ಸಂಸ್ಥೆಯು 2022ರಲ್ಲಿ ಆನ್‌ಲೈನ್ ಅಭಿಪ್ರಾಯಗಳಿಗೆಂದೇ ಒಂದು ಮಾನಕವನ್ನು ಹೊರಡಿಸಿದೆ. ಆದರೆ ಬರೆಯುವ ಕೈಗೆ ವಿವೇಕವಿಲ್ಲದಿದ್ದರೆ ನಿಯಮಗಳೆಷ್ಟಿದ್ದರೂ ಸಾಲದು.

ಒಂದು ಉದಾಹರಣೆಯನ್ನು ಊಹಿಸೋಣ. ಒಬ್ಬ ವಿದ್ಯಾರ್ಥಿ ಟಿಪ್ಪು ಸುಲ್ತಾನನ ಆನೆಯ ಚಿತ್ರವಿರುವ ತಾಮ್ರದ ಕಾಸನ್ನು ಕೊಳ್ಳುತ್ತಾನೆ. ವಿವರಣೆಯಲ್ಲಿ ಇಸವಿ 1218 ಎಂದಿದೆ. ಪಾರಸಿ ಅಂಕಿಗಳನ್ನು ಕಲಿತ ಅವನು ನಾಣ್ಯದ ಮೇಲೆ ಓದಿದರೆ 8121 ಎಂದಿದೆ! ಮಾರಿದವನು ಮೋಸಗಾರನೆಂದು ಅವನು ಆ ಕ್ಷಣವೇ ಬರೆದುಬಿಟ್ಟರೆ? ನಿಜವೇನೆಂದರೆ, ಟಿಪ್ಪು ತಾನು ಜಾರಿಗೆ ತಂದ ಮೌಲೂದಿ ಶಕೆಯಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಆ ನಾಣ್ಯ ಸರಿ, ವಿವರಣೆಯೂ ಸರಿ. ಅರಿವು ಮಾತ್ರ ಸಾಲದು. ಒಂದು ಪ್ರಶ್ನೆ ಕೇಳಿದ್ದರೆ ಅವನಿಗೊಂದು ಪಾಠ ಸಿಗುತ್ತಿತ್ತು. ಕೇಳದೆ ಬರೆದುದರಿಂದ ವರ್ಷಗಟ್ಟಲೆ ದುಡಿದು ಹೆಸರು ಗಳಿಸಿದ ಚಿಕ್ಕ ವ್ಯಾಪಾರಿಯೊಬ್ಬನ ಅನ್ನಕ್ಕೆ ಕಲ್ಲು ಬೀಳುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆದುದರಿಂದ ಅಭಿಪ್ರಾಯವನ್ನು ವ್ಯವಹಾರ ಮುಗಿದ ಮೇಲೆ ಬರೆಯತಕ್ಕದ್ದು. "ಇವನು ಕಳ್ಳ, ಯಾರೂ ಕೊಳ್ಳಬೇಡಿ" ಎಂಬುದು ತೀರ್ಪು. ಆ ತೀರ್ಪಿಗೆ ಬೇಕಾದ ಆಧಾರ ನಮ್ಮಲ್ಲಿಲ್ಲ, ಮಾನನಷ್ಟದ ಕಾನೂನಿನ ಭಯವೂ ಅದಕ್ಕುಂಟು. "ವಿವರಣೆಯಲ್ಲಿ 11.66 ಗ್ರಾಂ ಎಂದಿತ್ತು, ಬಂದ ನಾಣ್ಯ 10.20 ಗ್ರಾಂ ತೂಗಿತು, ತಿಳಿಸಿದ ಮೂರನೆಯ ದಿನ ವಾಪಸು ಒಪ್ಪಿದರು, ಎಂಟನೆಯ ದಿನ ಪೂರ್ತಿ ಹಣ ಬಂತು" ಎಂಬುದು ಸಾಕ್ಷ್ಯ. ಇದರಲ್ಲಿ ದೋಷವೂ ಇದೆ, ದೋಷವನ್ನು ತಿದ್ದಿಕೊಂಡ ಗುಣವೂ ಇದೆ. ಮುಂದೆ ಕೊಳ್ಳುವವನಿಗೆ ಬೇಕಾದುದು ಇದೇ. ಹಣ ಮರಳಿ ಬಾರದಿದ್ದರೆ ಅದನ್ನೂ ಇಷ್ಟೇ ನೇರವಾಗಿ ಬರೆಯಬೇಕು. ಸಂಕೋಚಕ್ಕೋ ಹೆದರಿಕೆಗೋ ಸುಮ್ಮನಿದ್ದರೆ ಅದೇ ನಕಲು ನಾಳೆ ಇನ್ನೊಬ್ಬ ವಿದ್ಯಾರ್ಥಿಯ ಮನೆಗೆ ಹೋಗುತ್ತದೆ.

ನಾಣ್ಯಕ್ಕೆ ಬೆಲೆ ಬರುವುದು ಅದರ ಮೇಲಿನ ಮುದ್ರೆಯನ್ನು ಜನ ನಂಬುವುದರಿಂದ. ಕಾಣದ ಅಂಗಡಿಯಲ್ಲಿ ನಮ್ಮ ಹೆಸರಿನಿಂದ ಹೊರಡುವ ಪ್ರತಿಯೊಂದು ಮಾತೂ ಅಂಥದೊಂದು ಮುದ್ರೆ. ಅದು ಖೋಟಾ ಆಗದಂತೆ ನೋಡಿಕೊಳ್ಳುವುದು ಮಾರುವವರಷ್ಟೇ ಕೊಳ್ಳುವವರ ಧರ್ಮವೂ ಆಗಿದೆ.

ಅಭ್ಯಾಸ

1. ನಿಮ್ಮ ಮನೆಯಲ್ಲಿರುವ ಹತ್ತು ನಾಣ್ಯಗಳನ್ನು ತೆಗೆದುಕೊಂಡು, ಅವು ಯಾವ ಟಂಕಸಾಲೆಯವೆಂದು ಗುರುತಿಸಿ ಪಟ್ಟಿಮಾಡಿರಿ.
2. 'ಚಲಾವಣೆಗೆ ಬಾರದ ನಾಣ್ಯ' ಎಂದು ಬರೆದು ಸವೆದ ನಾಣ್ಯವನ್ನು ಕಳುಹಿಸಿದ ವ್ಯಾಪಾರಿಗೆ ಆರು ಸಾಲಿನ ಪತ್ರ ಬರೆಯಿರಿ. ಅದರಲ್ಲಿ ನಿಂದೆಯ ಮಾತು ಒಂದೂ ಇರಬಾರದು.
3. ತೀರ್ಪಿಗೂ ಸಾಕ್ಷ್ಯಕ್ಕೂ ಇರುವ ಭೇದವನ್ನು ನಿಮ್ಮದೇ ಉದಾಹರಣೆಯಿಂದ ವಿವರಿಸಿರಿ.