ಗಣಕಯಂತ್ರದಲ್ಲಿ ತಾರೀಕು ಕೂಡಿಸುವ ಕ್ರಮ



ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೊಮ್ಮೆ, ಅನಂತರ 40-45 ದಿನಕ್ಕೆ ಮತ್ತೊಮ್ಮೆ ಬೋರ್ಡೋ ದ್ರಾವಣ ಸಿಂಪಡಿಸುತ್ತೇವಷ್ಟೆ. ಬೆರಳೆಣಿಕೆಯಲ್ಲಿ ವಾರ ತಪ್ಪಿದರೆ ಎಳೆಗಾಯಿ ಉದುರೀತು.

ಪೈಥಾನ್ ಭಾಷೆಯಲ್ಲಿ ತಾರೀಕಿಗೆ ಬರಿಯ ಅಂಕಿ ಕೂಡದು. 45 ದಿನವನ್ನು 'ಟೈಮ್‌ಡೆಲ್ಟಾ' ಎಂಬ ಅವಧಿಯಾಗಿ ಬರೆದು ಕೂಡಿಸಬೇಕು. 2025ರ ಮೇ 28ಕ್ಕೆ ಕೂಡಿಸಿದರೆ ಜುಲೈ 12. ಮೇ ತಿಂಗಳ 31, ಜೂನ್ ತಿಂಗಳ 30 ದಿನಗಳ ಲೆಕ್ಕವನ್ನು ಯಂತ್ರವೇ ಹಿಡಿಯುತ್ತದೆ.

ಸಾಲದ ಕಂತಿಗೆ ತಿಂಗಳು ಕೂಡಿಸುವಾಗ ಮಾತ್ರ ಎಚ್ಚರ. ಪಿಎಚ್‌ಪಿ ಭಾಷೆಯಲ್ಲಿ 2025ರ ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಮಾರ್ಚ್ 3 ಬರುತ್ತದೆ! ಫೆಬ್ರವರಿಗೆ 28ೇ ದಿನ. ಉಳಿದ ಮೂರು ಮುಂದಕ್ಕೆ ಹರಿಯುತ್ತವೆ. ಆ ತಾರೀಕು ನಂಬಿದವರಿಗೆ ಗಡುವು ಮೀರಿದ ಬಡ್ಡಿ. ತಿಂಗಳ ಕೊನೆಯ ಕಂತುಗಳನ್ನು ಕಣ್ಣಾರೆ ನೋಡಿಯೇ ಬರೆದುಕೊಳ್ಳಿರಿ.

— ಕಾರ್ಯದರ್ಶಿ