ಕೈಬಿಟ್ಟ ಗಣಿ ಹೊಂಡಗಳಲ್ಲಿ ಶುದ್ಧ ನೀರಿನ ಸಂಗ್ರಹ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ
(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಿಗೆ ಅನ್ವಯಿಸುವಂತೆ)

ಪಾಠದ ಉದ್ದೇಶ

ಕಲ್ಲು ತೆಗೆದು ಬಿಟ್ಟ ಕ್ವಾರಿಗಳಲ್ಲಿ ಮಳೆಗಾಲದ ನಂತರ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಆ ನೀರನ್ನೇ ಊರಿಗೆ ಕೊಡಬೇಕೆಂಬ ಬೇಡಿಕೆ ಗ್ರಾಮ ಸಭೆಗೆ ಬರುವುದು ಸಹಜ. ಆ ಬೇಡಿಕೆಯನ್ನು ಯಾವ ಆಧಾರದ ಮೇಲೆ ಒಪ್ಪಬೇಕು, ಯಾವ ಆಧಾರದ ಮೇಲೆ ನಿರಾಕರಿಸಬೇಕು ಎಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶ.

1. ಹಿನ್ನೆಲೆ

ಜಿಲ್ಲೆಗೆ ಗಣಿಗಾರಿಕೆ ಹೊಸದಲ್ಲ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರು ಭದ್ರಾವತಿಯ ಕಾರ್ಖಾನೆಗೆ ಸಾಗುತ್ತಿತ್ತು. ಅಜ್ಜಂಪುರದ ಸುತ್ತಲಿನ ಶಿಲಾಪಟ್ಟಿಯಲ್ಲಿ ಚಿನ್ನಕ್ಕಾಗಿ ಅಗೆದ ಹಳೆಯ ಕುರುಹುಗಳಿವೆ. ಕುದುರೆಮುಖದಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಆದರೆ ಅದಿರು ತೊಳೆದ ಹೂಳನ್ನು ತಡೆಯಲು ಕಟ್ಟಿದ ಲಕ್ಯಾ ಅಣೆಕಟ್ಟೆಯ ಹೊಣೆ ಗಣಿಯೊಂದಿಗೆ ಮುಗಿಯಲಿಲ್ಲ. ಗಣಿ ಮುಚ್ಚಿದ ಮಾತ್ರಕ್ಕೆ ಅಲ್ಲಿನ ನೀರು ಶುದ್ಧವಾಗುವುದಿಲ್ಲ ಎಂಬುದನ್ನು ಸದಸ್ಯರು ಮೊದಲು ಮನಗಾಣಬೇಕು.

2. ಕೆರೆಗೂ ಗಣಿ ಹೊಂಡಕ್ಕೂ ಇರುವ ವ್ಯತ್ಯಾಸ

ಸಖರಾಯಪಟ್ಟಣದ ಅಯ್ಯನಕೆರೆಯಾಗಲಿ, ಮದಗದ ಕೆರೆಯಾಗಲಿ ಬಾಬಾಬುಡನ್ ಗಿರಿಯಿಂದ ಇಳಿಯುವ ನೀರಿನ ದಾರಿಯನ್ನು ನೋಡಿ ಕಟ್ಟಿದವು. ಕೆರೆಯನ್ನು ನೀರು ಬರುವಲ್ಲಿ ಕಟ್ಟುತ್ತಾರೆ. ಗಣಿಯನ್ನು ಕಲ್ಲು ಇರುವಲ್ಲಿ ತೋಡುತ್ತಾರೆ. ಆದುದರಿಂದ ಹೊಂಡದ ಆಳವನ್ನು ಕಂಡು ನೀರಿನ ಲೆಕ್ಕ ಹಾಕಬಾರದು; ಜಲಾನಯನವನ್ನು ಕಂಡು ಹಾಕಬೇಕು.

3. ಮಾದರಿ ಲೆಕ್ಕ

ಒಂದು ಎಕರೆ ವಿಸ್ತಾರ ಮತ್ತು ಸರಾಸರಿ 10 ಮೀಟರ್ ಆಳದ ಹೊಂಡದಲ್ಲಿ ಸುಮಾರು 4 ಕೋಟಿ ಲೀಟರ್ ನೀರು ಹಿಡಿಯುತ್ತದೆ. ಜಲ ಜೀವನ್ ಮಿಷನ್ ಮಾನದಂಡದಂತೆ ತಲಾ 55 ಲೀಟರ್ ಎಂದರೆ, 2,000 ಜನರ ಗ್ರಾಮಕ್ಕೆ ದಿನಕ್ಕೆ 1.10 ಲಕ್ಷ ಲೀಟರ್ ಬೇಕು. ಭಾಗಿಸಿದರೆ ಒಂದು ವರ್ಷಕ್ಕೆ ಸಾಲುವಂತೆ ತೋರುತ್ತದೆ. ಆದರೆ ವರ್ಷಕ್ಕೆ ಒಂದೂವರೆ ಮೀಟರ್ ಆವಿಯಾದರೆ 60 ಲಕ್ಷ ಲೀಟರ್ ಹೋಗುತ್ತದೆ. ತಳದ ಎರಡು ಮೀಟರ್ ಕೆಸರು ನೀರನ್ನು ಬಿಟ್ಟರೆ ಇನ್ನೂ 80 ಲಕ್ಷ ಲೀಟರ್ ಕಡಿಮೆಯಾಗುತ್ತದೆ. ಉಳಿಯುವ 2.6 ಕೋಟಿ ಲೀಟರ್ ಎಂಟು ತಿಂಗಳಿಗಿಂತ ಕಡಿಮೆ.

ಅದೂ ಹೊಂಡ ತುಂಬಿದರೆ ಮಾತ್ರ. ಮಳೆ 600 ಮಿ.ಮೀ. ಎಂದಿಟ್ಟುಕೊಂಡರೆ ಹೊಂಡದ ಮೇಲೆಯೇ ಬೀಳುವುದು 24 ಲಕ್ಷ ಲೀಟರ್. ಸುತ್ತಲಿನ ನೆಲದಿಂದ ಮಳೆಯ ಐದನೇ ಒಂದು ಭಾಗ ಹರಿದು ಬಂದರೂ, ಉಳಿದುದನ್ನು ತುಂಬಲು ಸುಮಾರು 78 ಎಕರೆ ಜಲಾನಯನ ಬೇಕು. ಅಷ್ಟು ನೀರನ್ನು ಕಾಲುವೆ ತೋಡಿ ತಿರುಗಿಸಿದರೆ ಕೆಳಗಿನ ಕೆರೆಗೆ ಬರುವ ನೀರು ನಿಲ್ಲಬಹುದು. ಒಂದು ಊರಿನ ದಾಹ ತೀರಿಸಲು ಮತ್ತೊಂದು ಊರಿನ ಕೆರೆ ಬರಿದಾಗಬಾರದು.

4. ನೀರಿನ ಗುಣಮಟ್ಟ

ಹೊಂಡದ ನೀರು ತಿಳಿಯಾಗಿ ಕಾಣುವುದು ಶುದ್ಧತೆಯ ಸಾಕ್ಷಿಯಲ್ಲ. ಅಗೆದದ್ದು ಯಾವ ಶಿಲೆ ಎಂಬುದನ್ನು ಮೊದಲು ತಿಳಿಯಬೇಕು.

ಅ) ಗ್ರಾನೈಟ್ ಮತ್ತು ನೈಸ್ ಶಿಲೆಯ ಕ್ವಾರಿ: ಸಿಡಿಮದ್ದಿನ ಉಳಿಕೆಯಿಂದ ನೈಟ್ರೇಟ್, ಬಂಡೆಯ ಬಿರುಕುಗಳಿಂದ ಒಸರುವ ಅಂತರ್ಜಲದಿಂದ ಫ್ಲೋರೈಡ್ ಬರಬಹುದು.
ಆ) ಚಿನ್ನ ಅಥವಾ ತಾಮ್ರದ ಹಳೆಯ ಗಣಿ: ಅದಿರಿನೊಂದಿಗಿರುವ ಗಂಧಕದ ಖನಿಜಗಳು ಗಾಳಿ ಮತ್ತು ನೀರು ಸೋಕಿದಾಗ ಆಮ್ಲವಾಗಿ, ಲೋಹಗಳನ್ನು ಕರಗಿಸುತ್ತವೆ. ಆರ್ಸೆನಿಕ್ ಪರೀಕ್ಷೆಯಿಲ್ಲದೆ ಇಂತಹ ನೀರನ್ನು ಜಾನುವಾರುಗಳಿಗೂ ಕೊಡತಕ್ಕದ್ದಲ್ಲ. ಜರ್ಮನಿಯ ಲುಸಾಟಿಯಾ ಪ್ರದೇಶದಲ್ಲಿ ಕಲ್ಲಿದ್ದಲು ಗಣಿಗಳನ್ನು ಸರೋವರ ಮಾಡಿದಾಗ ಇದೇ ಕಾರಣಕ್ಕೆ ನೀರಿಗೆ ಸುಣ್ಣ ಬೆರೆಸಬೇಕಾಯಿತು.
ಇ) ಕಬ್ಬಿಣದ ಗಣಿ: ಕೆಂಪು ಹೂಳು, ಕಬ್ಬಿಣ ಮತ್ತು ಮ್ಯಾಂಗನೀಸ್.

ಭಾರತೀಯ ಮಾನಕ 10500ರಂತೆ ಪಿಎಚ್ 6.5ರಿಂದ 8.5ರೊಳಗೆ ಇರಬೇಕು. ಪ್ರತಿ ಲೀಟರಿಗೆ ನೈಟ್ರೇಟ್ 45 ಮಿ.ಗ್ರಾಂ., ಫ್ಲೋರೈಡ್ 1 ಮಿ.ಗ್ರಾಂ., ಆರ್ಸೆನಿಕ್ 0.01 ಮಿ.ಗ್ರಾಂ. ಮೀರಬಾರದು. ಮಳೆಗಾಲದ ಮೊದಲು ಮತ್ತು ನಂತರ, ಮೇಲ್ಪದರ ಹಾಗೂ ತಳ ಎರಡರಿಂದಲೂ ಮಾದರಿ ತೆಗೆಯಬೇಕು. ಆಳದ ತಳದಲ್ಲಿ ಆಮ್ಲಜನಕ ಕಡಿಮೆಯಾಗಿ ಕಬ್ಬಿಣ, ಮ್ಯಾಂಗನೀಸ್ ಕರಗುವುದರಿಂದ, ತೇಲುವ ಪಂಪಿನ ಮೂಲಕ ಮೇಲ್ಭಾಗದ ನೀರನ್ನೇ ಎತ್ತುವುದು ಉತ್ತಮ. ಪರೀಕ್ಷೆಯಲ್ಲಿ ತೇರ್ಗಡೆಯಾದ ನೀರನ್ನೂ ಮರಳು ಶೋಧಕ ಮತ್ತು ಕ್ಲೋರಿನೀಕರಣವಿಲ್ಲದೆ ನಲ್ಲಿಗೆ ಬಿಡಬಾರದು.

5. ಪಂಚಾಯಿತಿಯ ಕ್ರಮಗಳು

1) ಪಹಣಿ ಮತ್ತು ಗುತ್ತಿಗೆಯ ಸ್ಥಿತಿಯನ್ನು ಕಂದಾಯ, ಅರಣ್ಯ, ಗಣಿ ಮತ್ತು ಭೂವಿಜ್ಞಾನ ಇಲಾಖೆಗಳಿಂದ ಲಿಖಿತವಾಗಿ ಪಡೆಯುವುದು.
2) ಯೋಜನೆಯ ತೀರ್ಮಾನಕ್ಕೆ ಕಾಯದೆ, ಹೊಂಡದ ಸುತ್ತ ತಂತಿಬೇಲಿ ಮತ್ತು ಎಚ್ಚರಿಕೆ ಫಲಕ ಹಾಕಿಸುವುದು. ಕಡಿದಾದ ಗೋಡೆಯ ಹೊಂಡಕ್ಕೆ ಬಿದ್ದವರಿಗೆ ಹತ್ತಲು ಮೆಟ್ಟಿಲಿರುವುದಿಲ್ಲ. ಈಜಲು ಇಳಿಯುವ ಮಕ್ಕಳ ಜೀವಕ್ಕೆ ಇದೇ ಮೊದಲ ರಕ್ಷಣೆ.
3) ಕಸ, ಕೋಳಿ ತ್ಯಾಜ್ಯ ಸುರಿಯುವುದನ್ನು ನಿರ್ಬಂಧಿಸಿ ನಿರ್ಣಯ ಅಂಗೀಕರಿಸುವುದು.
4) ಒಂದು ಪೂರ್ಣ ವರ್ಷ ಅಳತೆಗೋಲಿನಿಂದ ನೀರಿನ ಮಟ್ಟವನ್ನು ವಾರಕ್ಕೊಮ್ಮೆ ದಾಖಲಿಸುವುದು, ಇದು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಹೊಣೆ.
5) ಅರ್ಹವೆಂದು ಕಂಡುಬಂದಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಪ್ರಸ್ತಾವನೆ ಸಲ್ಲಿಸುವುದು. ಅದರ ನಿಧಿಯ ಬಳಕೆಯಲ್ಲಿ ಕುಡಿಯುವ ನೀರು ಉನ್ನತ ಆದ್ಯತೆಯ ವಿಷಯ.

6. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

ನಮ್ಮ ವ್ಯಾಪ್ತಿಯಲ್ಲಿ ಕೈಬಿಟ್ಟ ಹೊಂಡಗಳು ಎಷ್ಟು? ಅವುಗಳಲ್ಲಿ ಬೇಲಿ ಇರುವವು ಎಷ್ಟು? ಮೇ ತಿಂಗಳಿನಲ್ಲಿಯೂ ನೀರು ಉಳಿಯುವ ಹೊಂಡ ಯಾವುದು? ಅದರ ನೀರನ್ನು ತಿರುಗಿಸಿದರೆ ನಷ್ಟವಾಗುವ ಕೆರೆ ಯಾವುದು? ಈ ನಾಲ್ಕಕ್ಕೂ ಉತ್ತರ ದಾಖಲೆಯಲ್ಲಿ ಬಂದ ಮೇಲೆಯೇ ಯೋಜನೆಯ ನಿರ್ಣಯ ಕೈಗೊಳ್ಳತಕ್ಕದ್ದು.