ಸ್ಪ್ರಿಂಗ್ ರೋಲ್: ರುಚಿಯ ಜೊತೆ ಶುಚಿಯೂ ಇರಲಿ

ರಮಝಾನ್ ಸಂಜೆ ಖರ್ಜೂರ, ಹಣ್ಣು, ಶರಬತ್ತಿನ ಪಕ್ಕದಲ್ಲಿ ಒಂದು ತಟ್ಟೆ ಕರಿದ ತಿಂಡಿ ಇರಲೇಬೇಕೆಂದು ಮಕ್ಕಳು ಹಟ ಮಾಡುತ್ತಾರೆ. ಉಡುಪಿ, ಕಾಪು, ಕಾರ್ಕಳದ ಮನೆಗಳಲ್ಲಿ ಸಮೋಸದ ಜೊತೆ ಈಗ ತರಕಾರಿ ಸ್ಪ್ರಿಂಗ್ ರೋಲ್ ಕೂಡ ಬಂದಿದೆ. ಮಣಿಪಾಲಕ್ಕಂತೂ ಇದು ಹೊಸದಲ್ಲ. 1997ರಲ್ಲಿ ಆರಂಭವಾದ ಮೆಲಕಾ-ಮಣಿಪಾಲ ಮೆಡಿಕಲ್ ಕಾಲೇಜಿನಿಂದಾಗಿ ಮಲೇಷ್ಯಾದ ಅನೇಕ ವಿದ್ಯಾರ್ಥಿಗಳು ಇಲ್ಲಿ ಬಂದು ಕಲಿತರು. ಅವರ ಊರಿನಲ್ಲಿ ಕರಿದ ‘ಪೋಪಿಯಾ’ ರಮಝಾನ್ ಸಂತೆಯ ಮೆಚ್ಚಿನ ತಿಂಡಿ. ಅದು ನಮ್ಮ ಸ್ಪ್ರಿಂಗ್ ರೋಲಿನ ಹತ್ತಿರದ ಸಂಬಂಧಿ.

ಈ ರೋಲಿಗೆ ವಿಶೇಷ ರುಚಿ ಕೊಡಲು ಹುದುಗಿಸಿದ ತೋಫು ಹಾಕುವ ವಿಧಾನವನ್ನು ನೀವು ಮೊಬೈಲಿನಲ್ಲಿ ನೋಡಿರಬಹುದು. ಅದನ್ನು ಮನೆಗೆ ತರುವ ಮೊದಲು ಮೂರು ವಿಷಯ ತಿಳಿದುಕೊಳ್ಳಿ.

ಬಾಟಲಿಯ ಚೀಟಿ ಓದಿ

ತೋಫು ಎಂದರೆ ಸೋಯಾ ಹಾಲಿನ ಪನೀರ್. ಅದರ ತುಂಡುಗಳಿಗೆ ಬೂಷ್ಟು ಬೆಳೆಸಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಇಟ್ಟು ತಯಾರಿಸುವುದೇ ಚೀನಾ ಮೂಲದ ಹುದುಗಿಸಿದ ತೋಫು. ಆ ಉಪ್ಪುನೀರಿಗೆ ಅನೇಕ ತಯಾರಕರು ಅಕ್ಕಿಯ ಮದ್ಯ ಸೇರಿಸುತ್ತಾರೆ. ಬಾಟಲಿಯ ಮೇಲಿನ ಹಸಿರು ಚುಕ್ಕಿ ಅದು ಸಸ್ಯಾಹಾರ ಎಂದಷ್ಟೇ ಹೇಳುತ್ತದೆ, ಮದ್ಯವಿಲ್ಲ ಎಂದು ಹೇಳುವುದಿಲ್ಲ. ಚೀಟಿಯಲ್ಲಿ ರೈಸ್ ವೈನ್, ಆಲ್ಕೋಹಾಲ್, ಎಥನಾಲ್ ಎಂದಿದ್ದರೆ ಬಿಟ್ಟುಬಿಡಿ. ಹಲಾಲ್ ಗುರುತು ಇರುವುದನ್ನೇ ಆರಿಸಿ. ಚೀಟಿ ಓದಲಾಗದ ಭಾಷೆಯಲ್ಲಿದ್ದರೆ ಕೊಳ್ಳಬೇಡಿ.

ಉಪ್ಪಿನ ಲೆಕ್ಕ ಇಡಿ

ಒಬ್ಬ ವ್ಯಕ್ತಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ದಿನದ ಎಲ್ಲ ಊಟ-ತಿಂಡಿ ಸೇರಿ ಒಂದು ಟೀ ಚಮಚಕ್ಕಿಂತ ಕಡಿಮೆ. ಹುದುಗಿಸಿದ ತೋಫು ಉಪ್ಪಿನಕಾಯಿಯಷ್ಟೇ ಉಪ್ಪು. ಉಪವಾಸವಿದ್ದು ಅಡುಗೆ ಮಾಡುವಾಗ ರುಚಿ ನೋಡದೆ ಅಂದಾಜಿನಲ್ಲಿ ಉಪ್ಪು ಹಾಕುವುದರಿಂದ ಅದು ಸುಲಭವಾಗಿ ಹೆಚ್ಚಾಗುತ್ತದೆ. ಇಂಥ ತಿಂಡಿ ಬಾಯಾರಿಕೆ ಹೆಚ್ಚಿಸುತ್ತದೆ. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇರುವ ಹಿರಿಯರಿಗೆ ಇದು ಬೇಡ.

ಮನೆಯಲ್ಲಿ ಹುದುಗಿಸಬೇಡಿ

ಇದು ಎಲ್ಲಕ್ಕಿಂತ ಮುಖ್ಯ. ‘ಇಡ್ಲಿ ಹಿಟ್ಟು ಹುಳಿ ಬರಿಸುವ ನಮಗೆ ಇದೇನು ಕಷ್ಟ?’ ಎಂದು ನಿಮಗೆ ಅನಿಸಬಹುದು. ಇಡ್ಲಿ ಹಿಟ್ಟು ಒಂದು ರಾತ್ರಿಯಲ್ಲಿ ಹುಳಿಯಾಗುತ್ತದೆ, ಬೆಳಿಗ್ಗೆ ಹಬೆಯಲ್ಲಿ ಬೇಯುತ್ತದೆ. ತೋಫುವಿನಲ್ಲಿ ಹುಳಿ ಕಡಿಮೆ. ಮುಚ್ಚಿದ ಬಾಟಲಿಯಲ್ಲಿ ಗಾಳಿಯಾಡದು. ಉಪ್ಪಿನ ಪ್ರಮಾಣ ತಪ್ಪಿದರೆ ಅಲ್ಲಿ ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಎಂಬ ಬ್ಯಾಕ್ಟೀರಿಯ ಬೆಳೆದು ನರಗಳನ್ನು ನಿಷ್ಕ್ರಿಯಗೊಳಿಸುವ ವಿಷ ಉಂಟುಮಾಡಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2006ರಲ್ಲಿ, ನ್ಯೂಯಾರ್ಕ್ ನಗರದಲ್ಲಿ 2012ರಲ್ಲಿ ಮನೆಯಲ್ಲೇ ಹುದುಗಿಸಿದ ತೋಫು ತಿಂದವರಿಗೆ ಈ ಕಾಯಿಲೆ ಬಂದಿತ್ತು. ಈ ವಿಷಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಕಣ್ಣು ಎರಡೆರಡಾಗಿ ಕಾಣುವುದು, ರೆಪ್ಪೆ ಜೋಲುವುದು, ನುಂಗಲು ಕಷ್ಟವಾಗುವುದು, ಮಾತು ತೊದಲುವುದು ಅದರ ಲಕ್ಷಣ. ಹಾಗಾದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಏನು ತಿಂದಿದ್ದೀರೆಂದು ವೈದ್ಯರಿಗೆ ಹೇಳಿ.

ಮಾಡುವ ವಿಧಾನ (12 ರೋಲ್)

ತೆಳುವಾಗಿ ಹೆಚ್ಚಿದ ಎಲೆಕೋಸು 2 ಕಪ್, ಕ್ಯಾರೆಟ್ 1, ಬೀನ್ಸ್ 8, ದೊಣ್ಣೆ ಮೆಣಸು ಅರ್ಧ, ಬೆಳ್ಳುಳ್ಳಿ 4 ಎಸಳು, ಸ್ವಲ್ಪ ಶುಂಠಿ, ಕಾಳುಮೆಣಸಿನ ಪುಡಿ ಅರ್ಧ ಚಮಚ, ಸಾದಾ ತೋಫು 100 ಗ್ರಾಂ, ಹುದುಗಿಸಿದ ತೋಫು 2 ಸಣ್ಣ ತುಂಡು, ಅಂಗಡಿಯ ರೋಲ್ ಶೀಟ್ 12.

ಎಲೆಕೋಸಿನ ಹೊರ ಎಲೆ ತೆಗೆದು, ಒಳಗಿನ ಎಲೆಗಳನ್ನು ಬಿಡಿಸಿ ಹರಿಯುವ ನೀರಿನಲ್ಲಿ ತೊಳೆಯಿರಿ. ಮೀನು ಕತ್ತರಿಸಿದ ಹಲಗೆ, ಚೂರಿಯನ್ನು ಹಾಗೆಯೇ ತರಕಾರಿಗೆ ಬಳಸಬೇಡಿ.

ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಬೆಳ್ಳುಳ್ಳಿ, ಶುಂಠಿ ಬಾಡಿಸಿ. ಹುದುಗಿಸಿದ ತೋಫುವನ್ನು ಚಮಚದಿಂದ ಜಜ್ಜಿ ಸೇರಿಸಿ. ತರಕಾರಿ, ಪುಡಿ ಮಾಡಿದ ಸಾದಾ ತೋಫು ಹಾಕಿ, ದೊಡ್ಡ ಉರಿಯಲ್ಲಿ ನೀರು ಆರುವವರೆಗೆ 4 ನಿಮಿಷ ಹುರಿಯಿರಿ. ಕಾಳುಮೆಣಸು ಉದುರಿಸಿ. ಬೇರೆ ಉಪ್ಪು ಬೇಡ. ಹುದುಗಿಸಿದ ತೋಫು ಸಿಗದಿದ್ದರೆ ಹುರಿದ ಎಳ್ಳು, ಕಾಲು ಚಮಚ ಉಪ್ಪು, ಕೊನೆಗೆ ಲಿಂಬೆರಸ ಸಾಕು. ರುಚಿಗೆ ಕೊರತೆಯಿಲ್ಲ.

ಹೂರಣವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ. ಬಿಸಿ ಇರುವಾಗ ಸುತ್ತಿದರೆ ಶೀಟ್ ನೆನೆದು ಎಣ್ಣೆಯಲ್ಲಿ ಒಡೆಯುತ್ತದೆ, ಎಣ್ಣೆ ಸಿಡಿಯುತ್ತದೆ. ಪ್ರತಿ ಶೀಟಿಗೂ ಎರಡು ಚಮಚ ಹೂರಣ ಇಟ್ಟು, ಎರಡೂ ಬದಿ ಮಡಚಿ ಬಿಗಿಯಾಗಿ ಸುತ್ತಿ, ಮೈದಾ-ನೀರಿನ ಅಂಟಿನಿಂದ ಮುಚ್ಚಿ.

ಶೀಟಿನ ಚೂರು ಹಾಕಿದೊಡನೆ ಗುಳ್ಳೆಯೆದ್ದು ಮೇಲೆ ಬಂದರೆ ಎಣ್ಣೆ ಹದವಾಗಿದೆ. ಒಮ್ಮೆಗೆ ಮೂರ್ನಾಲ್ಕು ಹಾಕಿ ಹೊಂಬಣ್ಣ ಬರುವವರೆಗೆ ಕರಿಯಿರಿ. ಜಾಲರಿಯ ಮೇಲೆ ಎಣ್ಣೆ ಬಸಿಯಿರಿ. ಪತ್ರಿಕೆಯ ಕಾಗದದ ಮೇಲೆ ಇಡಬೇಡಿ, ಶಾಯಿ ತಿಂಡಿಗೆ ಹತ್ತುತ್ತದೆ.

ಉಳಿದ ಎಣ್ಣೆ, ಉಳಿದ ರೋಲ್

ಕರಿದ ಎಣ್ಣೆಯಲ್ಲಿ ಹಾನಿಕರ ‘ಪೋಲಾರ್ ಸಂಯುಕ್ತ’ಗಳು ಶೇ. 25 ಮೀರಿದರೆ ಬಳಸಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅದನ್ನು ಅಳೆಯಲಾಗದು. ಆದರೆ ಎಣ್ಣೆ ಕಪ್ಪಾದರೆ, ನೊರೆ ಬಂದರೆ, ಬೇಗ ಹೊಗೆಯಾಡಿದರೆ ಅದು ಕೆಟ್ಟಿದೆ ಎಂದು ತಿಳಿಯಿರಿ. ತಿಂಗಳಿಡೀ ಅದೇ ಎಣ್ಣೆಗೆ ಹೊಸ ಎಣ್ಣೆ ಸುರಿಯುತ್ತಾ ಕರಿಯುವುದು ಬೇಡ. ಸಣ್ಣ ಬಾಣಲೆಯಲ್ಲಿ ಕಡಿಮೆ ಎಣ್ಣೆ ಇಡಿ. ಉಳಿದದ್ದನ್ನು ಸೋಸಿ, ಒಂದೆರಡು ದಿನದೊಳಗೆ ಒಗ್ಗರಣೆಗೆ ಮುಗಿಸಿ.

ನಮ್ಮ ಕರಾವಳಿಯ ಸೆಕೆಯಲ್ಲಿ ಬೇಯಿಸಿದ ಆಹಾರ ಬೇಗ ಹಳಸುತ್ತದೆ. ಹೂರಣವಾಗಲಿ, ಕರಿದ ರೋಲ್ ಆಗಲಿ, ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಮಧ್ಯಾಹ್ನವೇ ಸುತ್ತಿಟ್ಟರೆ ಫ್ರಿಜ್ಜಿನಲ್ಲಿಟ್ಟು, ಇಫ್ತಾರಿಗೆ ಸ್ವಲ್ಪ ಮೊದಲು ಕರಿಯಿರಿ. ನೆರೆಮನೆಗೆ ಕಳುಹಿಸುವ ತಟ್ಟೆಗೂ ಇದೇ ಎಚ್ಚರ ಇರಲಿ. ಅದರಲ್ಲಿ ಸೋಯಾ ಇದೆ ಎಂದು ಒಂದು ಮಾತು ಹೇಳಿ ಕಳುಹಿಸಿ, ಕೆಲವರಿಗೆ ಅದು ಅಲರ್ಜಿ. ಒಬ್ಬೊಬ್ಬರಿಗೆ ಒಂದೋ ಎರಡೋ ರೋಲ್ ಸಾಕು. ಮೊದಲು ನೀರು, ಹಣ್ಣು ಹೊಟ್ಟೆಗೆ ಹೋಗಲಿ, ಕರಿದದ್ದು ಆಮೇಲೆ.